ಇಂಗ್ಲಿಷರ ಗುಡಿಯ ಸೊಟ್ಟ ಗೋಡೆ

ನಿಮ್ಮ ಅಪ್ಪ ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕಕ್ಕೆ ಬಂದ ಮೊದಲ ವರ್ಷದಲ್ಲಿ ನನಗೆ ಮೂರು ಜೊತೆ ಬೂಟು ದಾನವಾಗಿ ಬಂದವು. ನಾನು ಕೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಹೇಳಲು ಬಾಯಿ ತೆರೆಯಬೇಕಿತ್ತು, ಮತ್ತು ಬಾಯಿ ತೆರೆಯುವುದಕ್ಕಿಂತ ಬೂಟು ತೆಗೆದುಕೊಳ್ಳುವುದು ನನಗೆ ಸುಲಭವಾಗಿತ್ತು.

ಸ್ಫೂರ್ತಿ, ತೇಜಸ್, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತಿದೆ. ನಿಮ್ಮ ಅವ್ವ ಓದಿ ಹೇಳಬೇಕು. ಅವಳ ಬಗ್ಗೆ ನಾನು ಬರೆದಿರುವ ಸಾಲು ಬಂದಾಗ ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಹಾರುತ್ತಾಳೆ. ಅಂಥಲ್ಲಿ ಹಿಡಿದು ನಿಲ್ಲಿಸಿ ಕೇಳಿರಿ.

ಆಗ ಎರಡು ಸಾವಿರದ ಇಸವಿ ಹತ್ತಿರ ಬಂದಿತ್ತು. ಕಂಪ್ಯೂಟರುಗಳಿಗೆ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಕಲಿಸಿದ್ದರಂತೆ. ಸೊನ್ನೆ ಸೊನ್ನೆ ಬಂದ ಕೂಡಲೇ ಅವು ನೂರು ವರ್ಷ ಹಿಂದಕ್ಕೆ ಹೋಗಿ ಕೂತುಬಿಡುತ್ತವೆ ಎಂದು ಲೋಕವೆಲ್ಲ ಹೆದರಿತ್ತು. ಆ ತಪ್ಪನ್ನು ತಿದ್ದಲು ನಿಮ್ಮ ಅವ್ವ ವಿಜಯಾ ಜರ್ಸಿ ಸಿಟಿಯ ಆಫೀಸಿಗೆ ಹೋಗುತ್ತಿದ್ದಳು. ನಿಮ್ಮ ಅಪ್ಪ ರಘು ಇನ್ನೂ ದೊಡ್ಡ ತಪ್ಪನ್ನು ತಿದ್ದಲು ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋಗುತ್ತಿದ್ದ. ನೀವಿಬ್ಬರೂ ಹಳದಿ ಬಸ್ಸು ಹತ್ತುತ್ತಿದ್ದಿರಿ. ಉಳಿದವರು ನಾನು ಮತ್ತು ಫ್ರಿಜ್ಜು. ಅದಾದರೂ ನಡುನಡುವೆ ಗುಂಯ್ ಅನ್ನುತ್ತಿತ್ತು. ನಾನು ಅದೂ ಇಲ್ಲ. ನಿಮ್ಮ ಅಜ್ಜ ಇದ್ದಾಗ ನಮ್ಮಿಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅಂಗಡಿಯವನ ಹತ್ತಿರ, ಬಸ್ಸಿನ ಕಂಡಕ್ಟರನ ಹತ್ತಿರ, ಬೀಗರ ಹತ್ತಿರ. ನಾನು ಅವರ ಹಿಂದೆ ನಿಂತು ಸೆರಗು ಸರಿಮಾಡಿಕೊಂಡರೆ ಸಾಕಿತ್ತು. ಅವರು ಹೋದ ಮೇಲೆ ನನ್ನ ಪಾಲಿನ ಮಾತು ನನ್ನ ಕೈಗೆ ಬಂತು, ಆದರೆ ಅದನ್ನು ಹೇಗೆ ಬಳಸುವುದೆಂದು ಯಾರೂ ತೋರಿಸಿರಲಿಲ್ಲ.

ಆದ್ದರಿಂದ ನಡೆಯಲು ಹೋಗುತ್ತಿದ್ದೆ. ನಡೆಯಲು ಮಾತು ಬೇಡ. ನಮ್ಮ ಜನರ ಅಂಗಡಿಗಳೇ ತುಂಬಿರುವ ನ್ಯೂಜರ್ಸಿಯ ಐಸೆಲಿನ್ನಿನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದೂರದ ನಮ್ಮ ಆ ಸಣ್ಣ ಊರಿನಲ್ಲಿ ಬೀದಿಯಲ್ಲಿ ಕಾಣುವ ಮನುಷ್ಯರೆಂದರೆ ನಾಯಿ ಹಿಡಿದವರು ಮಾತ್ರ. ನಾಯಿ ಇಲ್ಲದೆ, ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ನಡೆಯುವವಳು ನಾನೊಬ್ಬಳೇ. ಮೂರನೆಯ ತಿರುವಿನಲ್ಲಿ ಒಂದು ದಿನ ಆ ಚರ್ಚು ಕಂಡಿತು. ಸೊಂಟದೆತ್ತರದ ಕಲ್ಲಿನ ಗೋಡೆ, ಅದರ ನಡುವೆ ಪುಟ್ಟ ಮಾಡು ಹೊದಿಸಿದ ಮರದ ಬಾಗಿಲು, ಒಳಗೆ ಹುಲ್ಲು, ಹುಲ್ಲಿನಲ್ಲಿ ಅಲ್ಲಲ್ಲಿ ನೆಟ್ಟ ಕಲ್ಲುಗಳು, ಅವುಗಳ ಆಚೆ ಕುಳ್ಳಗೆ ಕೂತ ಚೌಕ ಗೋಪುರ. ಗೋಡೆಯ ಮೇಲೆ ಸುಮ್ಮನೆ ಕೈಯಿಟ್ಟೆ. ಕೈಗೆ ತಕ್ಷಣ ಗುರುತು ಹತ್ತಿತು. ಕೆಂಪು ಮರಳುಗಲ್ಲು.

ನಮ್ಮಪ್ಪ ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ಕಲ್ಲುಕೆಲಸದವನಾಗಿದ್ದ. ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತೆ, ಉಳಿದದ್ದನ್ನು ಅಪ್ಪನ ಕಲ್ಲಿನ ರಾಶಿಯ ಮೇಲೆ ಕೂತು ಕಲಿತೆ. ಕಲ್ಲಿಗೂ ಮರದ ಹಾಗೆ ಎಳೆ ಇರುತ್ತದೆ, ಗಣಿಯಲ್ಲಿ ಅದು ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಿಸಬೇಕು, ನಿಲ್ಲಿಸಿದರೆ ಸಿಪ್ಪೆ ಏಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಏಳು ಸಮುದ್ರ ದಾಟಿ ಬಂದರೆ ಅದೇ ಕೆಂಪು ಕಲ್ಲು, ಅದೇ ಎಳೆ, ನಿಲ್ಲಿಸಿದ ಕಡೆ ಅದೇ ಸಿಪ್ಪೆ. ಪರದೇಶದ ರೈಲಿನಲ್ಲಿ ನಮ್ಮೂರಿನವರು ಸಿಕ್ಕಿದ ಹಾಗಾಯಿತು. ಅದೂ ಮಾತಾಡದ ನಮ್ಮೂರಿನವರು. ನನಗೆ ಬೇಕಾದಂಥವರೇ.

ಹುಲ್ಲಿನಲ್ಲಿ ನೆಟ್ಟ ಕಲ್ಲುಗಳನ್ನು ನಾನು ವೀರಗಲ್ಲುಗಳೆಂದು ತಿಳಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಕಡೆ ಊರ ಹೊರಗೆ ಮೇಲ್ತುದಿ ಕಮಾನಾಗಿರುವ, ಅಕ್ಷರ ಕೆತ್ತಿದ ಕಲ್ಲು ನೆಟ್ಟಿದ್ದರೆ ಅದು ದನ ಕಾಯಲು ಹೋರಾಡಿ ಸತ್ತ ವೀರನದು. ಇಲ್ಲಿ ಎಣಿಸಿದಷ್ಟೂ ಇದ್ದವು. ಎಂಥ ಶೂರರ ಊರಿಗೆ ಮಗಳನ್ನು ಕೊಟ್ಟಿದ್ದೇನೆ ಎಂದು ಹೆಮ್ಮೆಯಾಗಿ ಒಂದೊಂದಕ್ಕೂ ಕೈ ಮುಗಿಯುತ್ತ ಬಂದೆ. ಹದಿನೈದು ದಿನದ ಮೇಲೆ ಒಂದು ಕಲ್ಲಿನ ಮುಂದೆ ಹೊಸ ಮಣ್ಣು, ಹೊಸ ಹೂವು ಕಂಡಾಗ ಇದು ಸ್ಮಶಾನವೆಂದು ತಿಳಿಯಿತು. ಸ್ಮಶಾನಕ್ಕೆ ಹೋದರೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕಲ್ಲ. ಚರ್ಚಿಗೆ ಹೋಗುವುದನ್ನು ಬಿಡಲು ಮನಸ್ಸಾಗಲಿಲ್ಲ, ತಲೆಸ್ನಾನ ಬಿಡಲು ಧೈರ್ಯವಾಗಲಿಲ್ಲ. ವಾರಕ್ಕೆ ನಾಲ್ಕು ತಲೆಸ್ನಾನವಾಯಿತು. ಅಜ್ಜಿ ಏಕೆ ದಿನವೂ ಕೂದಲು ಒಣಗಿಸುತ್ತಾಳೆ ಎಂದು ತೇಜಸ್, ನೀನು ಕೇಳಿದಾಗ, ಅಮೆರಿಕದ ನೀರು ಚೆನ್ನಾಗಿದೆ ಎಂದು ಹೇಳಿದ್ದು ನಿನಗೆ ನೆನಪಿರಲಿಕ್ಕಿಲ್ಲ.

ಒಳಗೆ ಹೋಗಲು ಒಂದು ತಿಂಗಳು ಬೇಕಾಯಿತು. ಬಾಗಿಲು ತೆರೆದೇ ಇರುತ್ತಿತ್ತು. ಆದರೆ ತೆರೆದ ಬಾಗಿಲಿನೊಳಗೆ ಕಾಲಿಡುವುದು ನಾಚಿಕೆಯವರಿಗೆ ಮುಚ್ಚಿದ ಬಾಗಿಲು ಬಡಿಯುವುದಕ್ಕಿಂತ ಕಷ್ಟ. ಮುಚ್ಚಿದ್ದರೆ ನೆಮ್ಮದಿಯಿಂದ ಹಿಂದಕ್ಕೆ ಬರಬಹುದು. ಕೊನೆಗೊಂದು ದಿನ ಚಳಿಗಾಳಿಯೇ ನೂಕಿತು. ದಕ್ಷಿಣಕ್ಕೊಂದು ಸಣ್ಣ ಮುಖಮಂಟಪ, ಅದನ್ನು ದಾಟಿದರೆ ಉದ್ದನೆಯ ಅಂಕಣ, ಎರಡೂ ಕಡೆ ಬೆಂಚುಗಳು, ಕೊನೆಗೆ ಮೂರು ಮೆಟ್ಟಿಲು ಮೇಲೆ ಕಿರಿದಾದ ಇನ್ನೊಂದು ಕೋಣೆ. ಅರೆ, ಇದು ನಮ್ಮ ಗುಡಿಯೇ. ಮುಖಮಂಟಪ, ನವರಂಗ, ಗರ್ಭಗುಡಿ. ಮೇಲೆ ನೋಡಿದರೆ ಮರದ ತೊಲೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ದೊಡ್ಡ ದೋಣಿಯೊಂದನ್ನು ಬೋರಲು ಹಾಕಿ ಅದರ ಹೊಟ್ಟೆಯೊಳಗೆ ನಮ್ಮನ್ನು ಕೂರಿಸಿದ ಹಾಗೆ. ಗೋಡೆಯ ಮೇಲೆ ಒಂದು ಹಲಗೆಯಲ್ಲಿ ಬರೀ ಅಂಕಿಗಳಿದ್ದವು. ಬಾದಾಮಿ ಸ್ಟ್ಯಾಂಡಿನಲ್ಲಿ ಬಸ್ಸು ಕಾದು ಕಾದು ರೂಢಿಯಾದ ಕಣ್ಣು, ಯಾವ ನಂಬರು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿತು. ಅವು ಭಾನುವಾರ ಹಾಡುವ ಹಾಡುಗಳ ನಂಬರುಗಳಂತೆ. ಹೋಗುವ ಊರು ಒಂದೇ ಆದ್ದರಿಂದ ಬೋರ್ಡಿನಲ್ಲಿ ಊರಿನ ಹೆಸರು ಬರೆದಿಲ್ಲ ಎಂದು ನಿಮ್ಮ ಅಪ್ಪ ಆಮೇಲೆ ಹಾಸ್ಯ ಮಾಡಿದ.

ಒಂದೇ ಒಂದು ವಿಷಯ ನನ್ನ ತಲೆ ತಿರುಗಿಸಿತು. ನಮ್ಮಲ್ಲಿ ದೇವರು ಮೂಡಣಕ್ಕೆ ಮುಖ ಮಾಡಿ ಕೂತಿರುತ್ತಾನೆ, ನಾವು ಎದುರಿಗೆ ನಿಲ್ಲುತ್ತೇವೆ. ಇಲ್ಲಿ ಪೂಜೆಯ ಕಟ್ಟೆಯೇ ಮೂಡಣದ ತುದಿಯಲ್ಲಿದೆ, ಜನರೆಲ್ಲ ಅತ್ತಲೇ ಮುಖ ಮಾಡಿ ಕೂರುತ್ತಾರೆ. ದೇವರೂ ಭಕ್ತರೂ ಒಂದೇ ಬಂಡಿಯಲ್ಲಿ ಕೂತು ಬೆಳಕು ಬರುವ ಕಡೆಗೆ ಹೊರಟ ಹಾಗೆ. ಎದುರಿಗೆ ನಿಂತು ಮುಖ ನೋಡುವ ಸಂಕೋಚವಿಲ್ಲ. ಇದನ್ನು ಯಾರೋ ನನ್ನಂಥ ನಾಚಿಕೆಯವರೇ ಕಂಡುಹಿಡಿದಿರಬೇಕು.

ಈಗ ಬೂಟಿನ ವಿಷಯ. ಗುಡಿ ಎಂದು ತಿಳಿದ ಮೇಲೆ ಚಪ್ಪಲಿ ಹಾಕಿಕೊಂಡು ಹೇಗೆ ಹೋಗುವುದು? ಹೊರಗಿನ ಮರದ ಬಾಗಿಲಿನ ಮಾಡಿನ ಕೆಳಗೆ, ಯಾರ ಕಾಲಿಗೂ ತೊಡರದಂತೆ ಕಂಬದ ಹಿಂದೆ ಬಿಟ್ಟು, ಬರಿಗಾಲಲ್ಲಿ ಹುಲ್ಲು ದಾಟಿ, ಗುಡಿಗೆ ಬಲಕ್ಕೆ ಮೂರು ಸುತ್ತು ಬಂದು ಒಳಗೆ ಹೋಗುತ್ತಿದ್ದೆ. ಆಗ ನವೆಂಬರು. ಒಳಗೆ ಎಡ್ನಾ ಎಂಬ ಮುದುಕಿ ಇರುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಹತ್ತಿಯಂಥ ಕೂದಲು, ಎರಡೂ ಮೊಣಕಾಲು ನೋವು. ವಾರದ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದು, ಬಂದವರಿಗೆ ಚರ್ಚನ್ನು ತೋರಿಸಿ, ಸಂಜೆ ಬೀಗ ಹಾಕುವುದು ಅವಳ ಕೆಲಸ. ಬರುವವರು ಯಾರೂ ಇರಲಿಲ್ಲ. ಅಂಥಲ್ಲಿ ದಿನವೂ ಒಬ್ಬ ಹೆಂಗಸು ಮಂಜು ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಚರ್ಚಿನ ಸುತ್ತ ಸುತ್ತುತ್ತಿದ್ದರೆ ಅವಳಾದರೂ ಏನು ತಿಳಿಯಬೇಕು?

ಒಂದು ಮಂಗಳವಾರ ಕಂದು ಬೂಟು ಕೊಟ್ಟಳು. ಕೈಹಿಡಿದು ಕೊಟ್ಟಳು. ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಕೊಟ್ಟವರ ಮನಸ್ಸು ನೋಯಬಾರದೆಂದು ಮರುದಿನ ಅದನ್ನೇ ಹಾಕಿಕೊಂಡು ಹೋದೆ, ಹೋಗಿ ಮರ್ಯಾದೆಯಿಂದ ಕಂಬದ ಹಿಂದೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದೆ. ಎಡ್ನಾ ನನ್ನ ಪಾದ ನೋಡಿ ನಿಟ್ಟುಸಿರಿಟ್ಟಳು. ಮುಂದಿನ ವಾರ ಕಪ್ಪು ಬೂಟು ಬಂತು, ಒಳಗೆ ಉಣ್ಣೆಯದು. ಅದಕ್ಕೂ ಅದೇ ಗತಿ. ಮೂರನೆಯದು ಮೊಣಕಾಲಿನವರೆಗೆ ಬರುವ ರಬ್ಬರಿನದು, ಜೊತೆಗೆ ಒಂದು ಡಬ್ಬಿ ಸೂಪು.

ಮನೆಯಲ್ಲಿ ನಿಮ್ಮ ಅವ್ವನ ಕಣ್ಣಿಗೆ ಮೊದಲು ಬಿದ್ದದ್ದು ಆ ರಬ್ಬರು ಬೂಟು, ಆಮೇಲೆ ಅದರ ಹಿಂದಿದ್ದ ಉಳಿದೆರಡು ಜೊತೆ.

"ಅವ್ವಾ, ಯಾರ ಬೂಟು ಇವು?"

"ನನ್ನವು."

"ಮೂರು ಜೊತಿನೂ? ಎಲ್ಲಿಂದ ತಂದಿ?"

"ಕೊಟ್ರು."

"ಯಾರು ಕೊಟ್ರು? ನೀ ಯಾಕ ಇಸ್ಕೊಂಡಿ?"

"ಕೊಟ್ಟಾಗ ಬ್ಯಾಡ ಅನ್ನಾಕ ಆಗ್ತೈತೇನ?"

ಅವಳು ಸೋಫಾದ ಮೇಲೆ ಕೂತುಬಿಟ್ಟಳು. ಮಗಳು ಸಾಫ್ಟ್‌ವೇರ್, ಅಳಿಯ ಸಾಫ್ಟ್‌ವೇರ್, ಎರಡು ಕಾರು, ತಾಯಿ ಊರಿನಲ್ಲಿ ಹಳೆಯ ಬೂಟು ಬೇಡುತ್ತಾಳೆ. ನಾನು ಚಪ್ಪಲಿ ಬಿಡುವ ಜಾಗ, ಸುತ್ತು ಬರುವ ಲೆಕ್ಕ ಎಲ್ಲ ಹೇಳಿದ ಮೇಲೆ ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ರಘು ಮೈಸೂರಿನವನು, ಮೃದು ಮಾತಿನವನು. "ಬಿಡು ವಿಜಿ, ಅತ್ತೆ ಒಂದು ತಿಂಗಳಲ್ಲಿ ಮೂರು ಜೊತೆ ತಂದಿದ್ದಾರೆ, ನಾನು ಸೇಲಲ್ಲೂ ಇಷ್ಟು ತಂದಿಲ್ಲ," ಅಂದ. ಶನಿವಾರ ಮೂರೂ ಜೊತೆಯನ್ನು ಒರೆಸಿ ಚೀಲಕ್ಕೆ ಹಾಕಿ, ನನ್ನನ್ನು ಕರೆದುಕೊಂಡು ಹೋಗಿ ಎಡ್ನಾಳಿಗೆ ಎಲ್ಲವನ್ನೂ ವಿವರಿಸಿದ. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು, ಭುಜ ಕುಣಿಯಿತು, ಕೊನೆಗೆ ನಗು ತಡೆಯಲಾರದೆ ಹತ್ತಿರದ ಸಮಾಧಿಯೊಂದರ ಮೇಲೆ ಕೂತಳು. ಯಾರದೋ ಸಮಾಧಿಯ ಮೇಲೆ ಕೂತು ಹಾಗೆ ನಗಬಹುದೆಂದು ನೋಡಿದ ದಿನವೇ ನನ್ನ ತಲೆಸ್ನಾನ ವಾರಕ್ಕೆ ಒಂದಕ್ಕೆ ಇಳಿಯಿತು.

ಅಂದಿನಿಂದ ಎಡ್ನಾ ನನಗೆ ಚರ್ಚಿನ ಕಥೆ ಹೇಳತೊಡಗಿದಳು. ಅವಳಿಗೆ ಕೇಳುವವರು ಬೇಕಿತ್ತು, ನನಗೆ ಉತ್ತರ ಕೊಡಬೇಕಿಲ್ಲದ ಮಾತು ಬೇಕಿತ್ತು. ಅವಳ ಇಂಗ್ಲಿಷಿನಲ್ಲಿ ಮೂರರಲ್ಲಿ ಒಂದು ಪಾಲು ನನಗೆ ತಿಳಿಯುತ್ತಿತ್ತು, ಇನ್ನೊಂದು ಪಾಲನ್ನು ಅವಳ ಕೈಗಳು ಹೇಳುತ್ತಿದ್ದವು, ಉಳಿದದ್ದನ್ನು ಕಲ್ಲು ಹೇಳುತ್ತಿತ್ತು. ತಿಳಿಯದೆ ಉಳಿದರೆ ರಾತ್ರಿ ಊಟದ ಹೊತ್ತಿಗೆ ರಘು ಚರ್ಚಿನ ಪುಟ್ಟ ಪುಸ್ತಕ ನೋಡಿ ಹೇಳುತ್ತಿದ್ದ.

ಇಂಗ್ಲೆಂಡಿನಿಂದ ಬಂದವರು ಮೊದಲು ಮರದ ಹಲಗೆಯಲ್ಲಿ ಕಟ್ಟಿಕೊಂಡರಂತೆ. ಆಮೇಲೆ ಇಲ್ಲಿಯವರು ಇಂಗ್ಲಿಷ್ ರಾಜನನ್ನು ಬೇಡವೆಂದು ಯುದ್ಧ ಮಾಡಿದಾಗ ಸಿಪಾಯಿಗಳು ಬೆಂಚು ಕಿತ್ತು ಒಲೆಗೆ ಹಾಕಿ ಒಳಗೆ ಕುದುರೆ ಕಟ್ಟಿದರಂತೆ. ಆದರೆ ಕುದುರೆಗಿಂತ ದೊಡ್ಡ ತೊಂದರೆ ಪ್ರಾರ್ಥನೆಯದಾಗಿತ್ತು. ಅವರ ಪ್ರಾರ್ಥನೆಯ ಪುಸ್ತಕದಲ್ಲಿ ರಾಜನ ಆಯುಸ್ಸು ಆರೋಗ್ಯ ಬೇಡುವ ಸಾಲೊಂದಿತ್ತು. ಓದಿದರೆ ಊರಿನವರು ಹೊಡೆಯುತ್ತಾರೆ, ಬಿಟ್ಟರೆ ದೇವರ ಮುಂದೆ ಕೊಟ್ಟ ಮಾತು ತಪ್ಪುತ್ತದೆ. ಪಾದ್ರಿ ಪಾಪ ಏನು ಮಾಡಬೇಕು? ಆ ಸಾಲು ಬಂದಾಗ ಅವನಿಗೆ ಕೆಮ್ಮು ಬರುತ್ತಿತ್ತಂತೆ. ಯುದ್ಧ ಮುಗಿಯುವವರೆಗೂ ಪ್ರತಿ ಭಾನುವಾರ, ಅದೇ ಸಾಲಿಗೆ ಸರಿಯಾಗಿ, ಕೆಮ್ಮು. ಎಡ್ನಾ ಆ ಹಳೆಯ ಪುಸ್ತಕ ತೋರಿಸಿದಳು. ರಾಜನ ಹೆಸರಿನ ಮೇಲೆ ಮಸಿಯ ಗೆರೆ ಇದೆ. ಇದನ್ನು ಕೇಳಿ ನನಗೆ ಆ ಪಾದ್ರಿಯ ಮೇಲೆ ಬಹಳ ಪ್ರೀತಿ ಬಂತು. ಮಾತಾಡದೆ ಬದುಕಿಕೊಂಡವರ ಸಾಲಿನಲ್ಲಿ ಅವನಿಗೊಂದು ಮಣೆ ಹಾಕಿದೆ.

ಮರದ್ದು ಹಳತಾಗಿ ಕುಸಿದ ಮೇಲೆ ಮೊಮ್ಮಕ್ಕಳ ಕಾಲದವರು ಈ ಕಲ್ಲಿನದನ್ನು ಕಟ್ಟಿದರು. ಅವರಲ್ಲಿ ಯಾರೂ ಇಂಗ್ಲೆಂಡ್ ನೋಡಿದವರಲ್ಲ. ಅಜ್ಜಂದಿರು ಬಿಟ್ಟುಬಂದ ಹಳ್ಳಿಯ ಚರ್ಚಿನ ಒಂದು ಚಿತ್ರ ತರಿಸಿ, ಅದನ್ನು ನೋಡಿ ನೋಡಿ ಕಟ್ಟಿಸಿದರು. ಚಿತ್ರದಲ್ಲಿ ಹಿಂಬದಿ ಕಾಣುವುದಿಲ್ಲವಲ್ಲ. ಆದ್ದರಿಂದ ಮುಂದಿನಿಂದ ಇದು ಇಂಗ್ಲೆಂಡು, ಹಿಂದಿನಿಂದ ನ್ಯೂಜರ್ಸಿಯ ದನದ ಕೊಟ್ಟಿಗೆ. ನೋಡದ ಊರಿಗಾಗಿ ಹಂಬಲಿಸಿ ಕಟ್ಟಿದ್ದು ಎಂದರೆ ನನಗೆ ಅರ್ಥವಾಗುತ್ತದೆ. ನೀವಿಬ್ಬರೂ ದೊಡ್ಡವರಾದ ಮೇಲೆ ಬಾದಾಮಿಯ ಹಳ್ಳಿಯನ್ನು ಹೀಗೇ ಏನಾದರೂ ಕಟ್ಟುತ್ತೀರಿ. ಹಿಂಬದಿ ಹೇಗಿತ್ತೆಂದು ತಿಳಿಯಲಿ ಎಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಇನ್ನು ಸೊಟ್ಟ ಗೋಡೆ. ಮೊದಲ ದಿನವೇ ನನ್ನ ಕಣ್ಣು ಹಿಡಿದಿತ್ತು. ನಡುವಿನ ದಾರಿಯಲ್ಲಿ ನಿಂತು ಮೂಡಣಕ್ಕೆ ನೋಡಿದರೆ, ಒಳಗಿನ ಆ ಕಿರುಕೋಣೆ ಹೊರಗಿನ ಅಂಕಣದ ನೇರಕ್ಕಿಲ್ಲ. ಸ್ವಲ್ಪ ಎಡಕ್ಕೆ ತಿರುಗಿದೆ. ಒಂದು ಮೊಳದಷ್ಟು ಇರಬಹುದು. ಎಡ್ನಾ ಅಲ್ಲಿಗೆ ಬಂದಾಗಲೆಲ್ಲ ದನಿ ತಗ್ಗಿಸುತ್ತಿದ್ದಳು. ಚರ್ಚೆಂದರೆ ಶಿಲುಬೆಯ ಮೇಲಿನ ದೇಹ, ಕೊನೆಯ ಕೋಣೆಯೆಂದರೆ ತಲೆ. ಪ್ರಾಣ ಬಿಡುವಾಗ ಏಸು ತಲೆಯನ್ನು ಪಕ್ಕಕ್ಕೆ ವಾಲಿಸಿದ್ದನಲ್ಲ, ಹಾಗೆ ಕಟ್ಟಿದ್ದಾರೆ ಎಂದು ಹೇಳಿ ತನ್ನ ತಲೆಯನ್ನೂ ವಾಲಿಸಿ ಕಣ್ಣು ಮುಚ್ಚುತ್ತಿದ್ದಳು. ನಾನೂ ಕಣ್ಣು ಮುಚ್ಚುತ್ತಿದ್ದೆ. ಆದರೆ ಮುಚ್ಚಿದ ಕಣ್ಣಿನೊಳಗೆ ನಮ್ಮಪ್ಪ ನಗುತ್ತಿದ್ದ.

ಅಪ್ಪ ದಿಕ್ಕು ಹಿಡಿಯುವಾಗ ನೆಲದಲ್ಲಿ ಗೂಟ ನೆಟ್ಟು, ಸುತ್ತ ಹಗ್ಗದಿಂದ ವೃತ್ತ ಎಳೆದು, ಬೆಳಗಿನ ನೆರಳು ಮತ್ತು ಇಳಿಹೊತ್ತಿನ ನೆರಳು ವೃತ್ತವನ್ನು ಮುಟ್ಟುವ ಎರಡು ಜಾಗಕ್ಕೆ ಗೆರೆ ಹಾಕುತ್ತಿದ್ದ. ಸೂರ್ಯ ಹುಟ್ಟುವ ಕಡೆಯೇ ಮೂಡಣ ಎನ್ನುವವರನ್ನು ಕಂಡರೆ ಅವನಿಗೆ ಆಗದು. ಸೂರ್ಯ ದಿನಕ್ಕೊಂದು ಕಿಟಕಿಯಿಂದ ಇಣುಕುತ್ತಾನೆ, ಅವನನ್ನು ನಂಬಿ ಗೋಡೆ ಹಾಕಬೇಡಿ ಎನ್ನುತ್ತಿದ್ದ. ಇಲ್ಲಿಯ ಮೇಸ್ತ್ರಿಗಳು ನಂಬಿದರು. ದೊಡ್ಡ ಅಂಕಣಕ್ಕೆ ಶರತ್ಕಾಲದಲ್ಲಿ ದಾರ ಕಟ್ಟಿದರು. ಆಮೇಲೆ ನದಿ ಹೆಪ್ಪುಗಟ್ಟಿ ಕಲ್ಲು ತರುವ ದೋಣಿಗಳು ನಿಂತವು ಎಂದು ಎಡ್ನಾಳೇ ಹೇಳಿದ್ದಾಳೆ. ಮೇ ತಿಂಗಳಲ್ಲಿ ಮತ್ತೆ ಶುರುಮಾಡಿ ಒಳಕೋಣೆಗೆ ದಾರ ಕಟ್ಟಿದಾಗ ಸೂರ್ಯ ಉತ್ತರದ ಕಿಟಕಿಗೆ ಹೋಗಿದ್ದ. ಅಷ್ಟೇ. ತಪ್ಪು. ಹಗಲೆಲ್ಲ ಇಸವಿಯ ತಪ್ಪು ತಿದ್ದಿ ಸೋತು ಬರುತ್ತಿದ್ದ ನಿಮ್ಮ ಅವ್ವನಿಗೆ ಇದನ್ನು ಹೇಳಿದರೆ, ಅವಳು ಹಣೆ ಚಚ್ಚಿಕೊಂಡಳು. "ನಮ್ಮ ಆಫೀಸಿನ್ಯಾಗೂ ಯಾರರ ಹಿಂಗ ಅಂದಿದ್ರ ಚಲೋ ಇತ್ತು. ಇದು ತಪ್ಪಲ್ಲ, ಕಂಪ್ಯೂಟರು ತಲಿ ಬಾಗಿಸೇತಿ ಅಂತ."

ಎಡ್ನಾಳಿಗೆ ಮಾತ್ರ ನಾನು ಹೇಳಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿ ನಂಬಿದ್ದನ್ನು ಬರಿಗಾಲಿನವಳು ಬಂದು ಕೆಡಿಸುವುದೇ? ನನಗೂ ಆ ಪಾದ್ರಿಯ ಕೆಮ್ಮು ಬಂತು.

ಮಾರ್ಚಿನಲ್ಲಿ ಎಡ್ನಾ ಕೆಟ್ಟ ಸುದ್ದಿ ಹೇಳಿದಳು. ವಾರದ ದಿನಗಳಲ್ಲಿ ಯಾರೂ ಬರುವುದಿಲ್ಲ, ಸುಮ್ಮನೆ ಏಕೆ ಬಾಗಿಲು ತೆರೆದಿಡುವುದು, ಭಾನುವಾರ ಮಾತ್ರ ಸಾಕು ಎಂದು ಚರ್ಚಿನ ಕಮಿಟಿ ಯೋಚಿಸುತ್ತಿತ್ತು. ಏಪ್ರಿಲಿನ ಒಂದು ಶನಿವಾರ ಚರ್ಚನ್ನು ಊರಿಗೆಲ್ಲ ತೆರೆದಿಡುತ್ತಾರೆ. ಆ ದಿನ ಜನ ಬಂದರೆ ಸರಿ, ಬರದಿದ್ದರೆ ಬೀಗ. ಹೇಳುವಾಗ ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಗಂಡ ಸತ್ತ ಮೇಲೆ ಬೆಳಿಗ್ಗೆ ಎದ್ದು ಹೋಗಲು ಅವಳಿಗಿದ್ದ ಜಾಗ ಇದೊಂದೇ. ನನಗೂ ಅಷ್ಟೇ. ಅಮೆರಿಕದಲ್ಲಿ ನನ್ನ ಕಾಲಿನ ಮೇಲೆ ನಾನೇ ನಡೆದುಹೋಗಿ, ಯಾರನ್ನೂ ಡ್ರೈವ್ ಮಾಡು ಎಂದು ಕೇಳದೆ, ಕೂತು ಬರುವ ಜಾಗ ಬೇರೆ ಯಾವುದೂ ಇರಲಿಲ್ಲ. ಆ ರಾತ್ರಿ ನಾನು ಅನ್ನ ಬಡಿಸುತ್ತ ಸಾರನ್ನು ಮರೆತೆ.

ಹೇಳಿಕೊಳ್ಳಲು ಗೊತ್ತಿದ್ದವಳು ಖುರ್ಷಿದಾ ಒಬ್ಬಳೇ. ಅವಳು ಮೈಸೂರಿನವಳು, ಐಸೆಲಿನ್ನಿನ ಓಕ್ ಟ್ರೀ ರಸ್ತೆಯ ಒಂದು ಸೀರೆ ಅಂಗಡಿಯ ಒಳಕೋಣೆಯಲ್ಲಿ ಫಾಲ್ ಹಚ್ಚಿ ಬ್ಲೌಸ್ ಹೊಲಿಯುತ್ತಿದ್ದಳು. ನನ್ನ ಬ್ಲೌಸಿನ ಅಳತೆ ತೆಗೆಯುತ್ತ ಎಲ್ಲ ಕೇಳಿಸಿಕೊಂಡಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು, "ಅಕ್ಕಾ, ನಿಮ್ಮ ಮೇಡಮ್ಮಿಗೆ ಜನ ತಾನೆ ಬೇಕು? ಶನಿವಾರ ಈ ರೋಡಲ್ಲಿ ಜನ ಬಿಟ್ರೆ ಇನ್ನೇನಿದೆ. ಪಾರ್ಕಿಂಗ್ ಸಿಗದೆ ಸುತ್ತುತಾರಲ್ಲ, ಅವರನ್ನೇ ಕಳಿಸಿಬಿಡೋಣ. ಅಲ್ಲಿ ಪಾರ್ಕಿಂಗ್ ಇದೆ ತಾನೆ?"

ಇದೆ ಎಂದೆ.

"ಮತ್ತೇನು. ಕೈ ಎತ್ತಿ, ತೋಳು ಅಳೀಬೇಕು."

ಆ ಶನಿವಾರ ಹನ್ನೊಂದರವರೆಗೆ ಬಂದವರು ನಾಲ್ಕು ಜನ, ಅವರಲ್ಲಿ ಇಬ್ಬರು ಕಮಿಟಿಯವರೇ. ಎಡ್ನಾ ಮುತ್ತಿನ ಸರ ಹಾಕಿಕೊಂಡು ಮಂಟಪದಲ್ಲಿ ನಿಂತಿದ್ದಳು. ಹನ್ನೆರಡಕ್ಕೆ ಕಾರುಗಳು ಬರತೊಡಗಿದವು. ಹಿಂದೆ ಒಂದು ವ್ಯಾನು. ಅದರ ಹಿಂದೆ ಇನ್ನೊಂದು. ವುಡ್‌ಬ್ರಿಡ್ಜಿನ ಹುಬ್ಬಳ್ಳಿಯವರು, ಐಸೆಲಿನ್ನಿನ ದಾವಣಗೆರೆಯವರು, ಮಕ್ಕಳ ಮನೆಗೆ ಬಂದಿದ್ದ ಅಪ್ಪ ಅಮ್ಮಂದಿರು, ಖುರ್ಷಿದಾಳ ಕಡೆಯ ಆರು ಹೆಂಗಸರು, ಕೈಯಲ್ಲಿ ಮೆಂತ್ಯದ ಕಟ್ಟು, ತೆಂಗಿನಕಾಯಿ, ಡ್ರೈ ಕ್ಲೀನಿಂಗಿನ ಸೀರೆ. ಐವತ್ತಕ್ಕೂ ಮೇಲೆ. ಊಟದ ಪಂಕ್ತಿ ಎಲ್ಲಿ ಎಂದು ಒಬ್ಬರು ನನ್ನನ್ನೇ ಕೇಳಿದರು. ಕಮಿಟಿಯವರಲ್ಲಿ ಒಬ್ಬ ಕುರ್ಚಿ ತರಲು ಓಡಿದ.

ಎಡ್ನಾ ಖುಷಿಯಿಂದ ಶುರುಮಾಡಿದಳು. ಆದರೆ ಅವಳ ಇಂಗ್ಲಿಷು ಮುದಿಯರಿಗೆ ಹತ್ತಲಿಲ್ಲ. ಐದೇ ನಿಮಿಷದಲ್ಲಿ ಬೆಂಚಿನ ಮೇಲೆ ಬದನೆಕಾಯಿಯ ದರದ ಮಾತು ಶುರುವಾಯಿತು, ಹಿಂದಿನ ಇಬ್ಬರು ಎದ್ದು ಹೊರಟರು, ಅವರನ್ನು ನೋಡಿ ಇನ್ನಿಬ್ಬರು ಎದ್ದರು. ಎಡ್ನಾಳ ದನಿ ಸಣ್ಣದಾಗುತ್ತ ಬಂತು. ಖುರ್ಷಿದಾ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು. "ಕನ್ನಡದಲ್ಲಿ ನೀವು ಹೇಳಿ. ನನಗೆ ಹೇಳಿದ್ರಲ್ಲ, ಹಾಗೇ ಹೇಳಿ. ನಾನು ಅಳತೆ ತಗೋತಾ ಇದ್ದೀನಿ ಅಂದ್ಕೊಳ್ಳಿ."

ಮಕ್ಕಳೇ, ನಾನು ಹೇಗೆ ಶುರುಮಾಡಿದೆನೋ ನೆನಪಿಲ್ಲ. ನೆನಪಿರುವುದು ಇಷ್ಟೇ: ಇದು ಮುಖಮಂಟಪ, ಇದು ನವರಂಗ ಎಂದ ಕೂಡಲೇ ಹೊರಟವರು ತಿರುಗಿದರು. ಬಾಗಿಲ ಪಕ್ಕದಲ್ಲೇ ಕಲ್ಲಿನ ನೀರಿನ ತೊಟ್ಟಿ ಏಕಿದೆ ಎಂದರೆ, ಕೂಸಿಗೆ ಹೆಸರಿಡುವುದು ಇಲ್ಲಿ, ಒಳಗೆ ಬರುವ ಮೊದಲ ಹೆಜ್ಜೆ ಅದು ಎಂದೆ. ಮುದುಕಿಯರು ತೊಟ್ಟಿಯ ಸುತ್ತ ಸೇರಿದರು. ಬೋರಲು ದೋಣಿ ತೋರಿಸಿದೆ, ಐವತ್ತು ತಲೆಗಳು ಮೇಲಕ್ಕೆದ್ದವು. ಪಾದ್ರಿಯ ಹಾಗೆ ಕೆಮ್ಮಿ ತೋರಿಸಿದೆ. ನಕ್ಕರು. ನಕ್ಕದ್ದು ಕೇಳಿ ಇನ್ನೊಮ್ಮೆ ಕೆಮ್ಮಿದೆ. ನಾಚಿಕೆಯೆಂಬುದು ಬಾವಿಯ ಮುಚ್ಚಳವೆಂದೂ, ಒಳಗೆ ಅಷ್ಟು ನೀರಿತ್ತೆಂದೂ ನನಗೇ ಗೊತ್ತಿರಲಿಲ್ಲ. ನಿಮ್ಮ ಅವ್ವ ಕಂಬಕ್ಕೆ ಒರಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ರಘು ಎಡ್ನಾಳ ಕಿವಿಯಲ್ಲಿ ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಆಗ ದಾವಣಗೆರೆಯ ನಿವೃತ್ತ ಓವರ್‌ಸಿಯರ್ ಒಬ್ಬರು ನಡುದಾರಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. "ಅಲ್ಲಮ್ಮಾ, ಇದು ಸೊಟ್ಟ ಐತಲ್ಲ. ಒಳಗಿನ ರೂಮು ಎಡಕ್ಕೆ ತಿರುಗೈತೆ. ಯಾವೋನು ಕಾಂಟ್ರಾಕ್ಟರು?"

ಎಲ್ಲರೂ ಒಂದು ಕಣ್ಣು ಮುಚ್ಚಿದರು. ಎಡ್ನಾ ನನ್ನನ್ನು ನೋಡಿದಳು, ಕಮಿಟಿಯವರಿಬ್ಬರು ಅವಳನ್ನು ನೋಡಿದರು. ಕೆಮ್ಮಿ ದಾಟಿಬಿಡಬಹುದಿತ್ತು, ಆದರೆ ಆಗಷ್ಟೇ ಎರಡು ಸಲ ಕೆಮ್ಮಿದ್ದೆ. ಮೂರನೆಯದನ್ನು ಯಾರೂ ನಂಬುತ್ತಿರಲಿಲ್ಲ. ಮೊದಲು ಎಡ್ನಾ ಹೇಳುವ ಕಥೆಯನ್ನು ಅವಳ ಹಾಗೆಯೇ ತಲೆ ವಾಲಿಸಿ ಹೇಳಿದೆ. ಆಮೇಲೆ ನಮ್ಮಪ್ಪನ ಗೂಟ, ನೆರಳು, ಶರತ್ಕಾಲದ ದಾರ, ಮೇ ತಿಂಗಳ ದಾರ ಎಲ್ಲವನ್ನೂ ಹೇಳಿದೆ. ಮೇಸ್ತ್ರಿಗೆ ತಪ್ಪು ಗೊತ್ತಾದಾಗ ಗೋಡೆ ಎದೆಯೆತ್ತರ ಬಂದಿರಬೇಕು, ಕೆಡವಲು ಮನಸ್ಸಾಗಿರಲಿಕ್ಕಿಲ್ಲ, ಊರಿನವರೂ ನೋಡಿ ಸುಮ್ಮನಿದ್ದರು, ಸುಮ್ಮನಿದ್ದವರ ಮಕ್ಕಳು ಅದಕ್ಕೊಂದು ಒಳ್ಳೆಯ ಅರ್ಥ ಹುಡುಕಿಕೊಟ್ಟರು ಎಂದೆ. ರಘು ಒಂದು ಗಳಿಗೆ ಅನುಮಾನಿಸಿ, ಆಮೇಲೆ ಒಂದೂ ಬಿಡದೆ ಎಡ್ನಾಳಿಗೆ ಹೇಳಿದ.

ಎಡ್ನಾ ನಡುದಾರಿಗೆ ಬಂದು ತಾನೂ ಒಂದು ಕಣ್ಣು ಮುಚ್ಚಿ ಆ ಕೋಣೆಯನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದನ್ನು ರಘು ನನಗೆ ಕನ್ನಡದಲ್ಲಿ ಹೇಳಿದ. "ನನ್ನ ಗಂಡ ಸರ್ವೇಯರ್ ಆಗಿದ್ದ. ಮದುವೆಯ ದಿನ ಇಲ್ಲೇ ನಿಂತು, ಪಾದ್ರಿ ಮಂತ್ರ ಹೇಳುತ್ತಿರುವಾಗ, ಗೋಡೆ ಸೊಟ್ಟ ಇದೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದ. ನಾನು ಯಾರಿಗೂ ಹೇಳಿರಲಿಲ್ಲ. ಕಮಿಟಿಯವರಿಗೆ ಮಾತ್ರ ಹೇಳಬೇಡ, ಅಪಾಯ ಎಂದು ಅದಕ್ಕೂ ಬೀಗ ಹಾಕುತ್ತಾರೆ." ಕಮಿಟಿಯವರು ಮೂರು ಅಡಿ ದೂರದಲ್ಲಿದ್ದರು. ಅವರಲ್ಲೊಬ್ಬ ಓವರ್‌ಸಿಯರರ ಜೊತೆ ಸೇರಿ ಆಗಲೇ ನಡುದಾರಿಯಲ್ಲಿ ದಾರ ಹಿಡಿದು ಅಳೆಯುತ್ತಿದ್ದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ಎಡ್ನಾ ಹಿಂದೆಂದೂ ನೋಡಿರಲಿಲ್ಲವಂತೆ.

ತೀರ್ಮಾನ ಬರಲು ಎರಡು ವಾರವಾಯಿತು. ಐದು ದಿನ ಕೇಳಿದ್ದಕ್ಕೆ ಒಂದು ದಿನ ಸಿಕ್ಕಿತು: ಮಂಗಳವಾರ. ಅದೂ ಇಬ್ಬರು ಕೂರುವುದಾದರೆ. ಎಡ್ನಾ ತನ್ನ ಹೆಸರು ಬರೆದು, ಕೆಳಗೆ ನನ್ನನ್ನು ಕೇಳದೆಯೇ ನನ್ನ ಹೆಸರನ್ನೂ ಬರೆದಳು. ಅಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.

ಮೊದಲ ಮಂಗಳವಾರ ಬೆಳಗಿನಿಂದ ಯಾರಾದರೂ ಬಂದುಬಿಟ್ಟರೆ ಏನು ಮಾಡಲಿ ಎಂದು ಹೆದರಿ ಕೂತೆ. ಮಧ್ಯಾಹ್ನವಾದ ಮೇಲೆ ಯಾರೂ ಬರದಿದ್ದರೆ ಏನು ಗತಿ ಎಂದು ಹೆದರಿದೆ. ಮೂರು ಗಂಟೆಗೆ ಎಡ್ನಾ ಪಕ್ಕದ ಕೋಣೆಗೆ ಟೀ ಮಾಡಲು ಹೋದಾಗ ಒಬ್ಬ ಲಾರಿ ಡ್ರೈವರ್ ಬಂದ. ಆರಡಿ ಆಳು. ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ದೇವರಿಗಾಗಿಯೂ ಅಲ್ಲ, ಕಲ್ಲಿಗಾಗಿಯೂ ಅಲ್ಲ, ಇದಕ್ಕಾಗಿ ನಾವು ಇಷ್ಟು ಗದ್ದಲ ಮಾಡಿದೆವಲ್ಲ ಎಂದು ನನಗೆ ಒಳಗೊಳಗೇ ನಗು. ಹಾಗೆ ನೋಡಿದರೆ ನಾನು ಬಂದದ್ದಾದರೂ ಚಳಿಗೆ ತಾನೆ. ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವನು ಬಾಗಿಲ ಹತ್ತಿರ ನಿಂತ. ತಲೆಯೆತ್ತಿ ತೊಲೆಗಳನ್ನು ನೋಡಿದ. ಇದು ಎಷ್ಟು ಹಳೆಯದು ಎಂದು ಕೇಳಿದ.

ಎಡ್ನಾ ಇನ್ನೂ ಬಂದಿರಲಿಲ್ಲ. ನಾನು ಎದ್ದು ನಿಂತೆ, ಸೆರಗು ಸರಿಮಾಡಿಕೊಂಡೆ. ಐದು ನಿಮಿಷ ಇದೆಯೇ ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಇದೆ ಅಂದ. ಪಾಪದ ಮನುಷ್ಯ. ಮುಕ್ಕಾಲು ಗಂಟೆಯ ಮೇಲೆ ಬಿಟ್ಟೆ.